ಗಾಲಿಯ ಮೇಲಿನ ಕಾಯಕ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ನೆಲೆಸಿರುವ ನಮ್ಮ ಓದುಗರಿಗೆ ಒಂದು ನೋಟ ಚಿರಪರಿಚಿತವಾಗಿದೆ. ಭಾನುವಾರದ ಬೆಳಗಿನ ಜಾವ, ಹಾಲಿನವನು ಬರುವುದಕ್ಕೂ ಮುಂಚೆ, ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿಗಳ ಕಡೆಗೆ ಸಾಗುವ ಬಳ್ಳಾರಿ ರಸ್ತೆಯಲ್ಲಿ ತೆಳುಗಾಲಿಯ ಸೈಕಲ್ಲುಗಳು ಸಾಲುಗಟ್ಟಿ ಹೊರಡುತ್ತವೆ. ಅವುಗಳ ಗುರಿ ಸಾಮಾನ್ಯವಾಗಿ ನಂದಿಬೆಟ್ಟ. ನಗರದಿಂದ ಸುಮಾರು ೬೦ ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ೧,೪೭೮ ಮೀಟರ್ ಎತ್ತರದಲ್ಲಿರುವ ಆ ಬೆಟ್ಟವನ್ನು ಏರಿ ಇಳಿದು, ಬಿಸಿಲೇರುವ ಹೊತ್ತಿಗೆ ಮನೆ ಸೇರುವ ಈ ಸವಾರರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ರೈಲು ಗಾಲಿಗಳ ಕಾರ್ಖಾನೆಯನ್ನೇ ಮಡಿಲಲ್ಲಿಟ್ಟುಕೊಂಡಿರುವ ಯಲಹಂಕಕ್ಕೆ ಗಾಲಿಯ ಸದ್ದು ಹೊಸದಲ್ಲ. ಆದರೆ ಹೆಣ್ಣುಮಗಳೊಬ್ಬಳು ಗಾಲಿಯನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳಬಹುದೆಂಬ ವಿಚಾರ ಮಾತ್ರ ನಮ್ಮ ಮನೆಗಳಿಗೆ ಇನ್ನೂ ಹೊಸದು.

ಇದನ್ನು ಬರೆಯಲು ಕಾರಣವಿಲ್ಲದಿಲ್ಲ. ನಮಗೆ ಬಹುಕಾಲದಿಂದ ಪರಿಚಿತರಾದ ಸದ್ಗೃಹಸ್ಥರೊಬ್ಬರ ಮಗಳು ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವಾಗಲೇ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿ, ಇದನ್ನೇ ಮುಂದುವರಿಸುವೆನೆಂದು ಹಟ ಹಿಡಿದಿದ್ದಾಳೆ. ತಂದೆತಾಯಿಗಳು ಕ್ರೂರಿಗಳಲ್ಲ, ಮಗಳ ಪದಕಗಳನ್ನು ಬೈಠಕ್ಕಿನ ಗೋಡೆಗೆ ತೂಗುಹಾಕಿದವರೇ. ಆದರೂ ಅವರ ಮನಸ್ಸಿನಲ್ಲಿ ನಾಲ್ಕು ಪ್ರಶ್ನೆಗಳಿವೆ. ಮಾಂಸಾಹಾರವಿಲ್ಲದೆ ಈ ಶ್ರಮವನ್ನು ದೇಹ ತಾಳೀತೆ? ಇದರಿಂದ ಅನ್ನ ಹುಟ್ಟೀತೆ? ಮದುವೆ, ಮಕ್ಕಳು ಎಂಬ ಸಂಸಾರಕ್ಕೆ ಇದು ಅಡ್ಡಿಯಾಗದೆ? ಹೆದ್ದಾರಿಯ ಮೇಲೆ ಜೀವಕ್ಕೆ ಯಾರು ಹೊಣೆ? ಈ ಪ್ರಶ್ನೆಗಳನ್ನು ಹಳೆಯ ಕಾಲದವರ ಭೀತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಅವು ನ್ಯಾಯವಾದ ಪ್ರಶ್ನೆಗಳು. ಉಪದೇಶದಿಂದ ಉತ್ತರಿಸುವುದಕ್ಕಿಂತ, ಇದೇ ವೃತ್ತಿಯಲ್ಲಿ ಇಪ್ಪತ್ತು ವರ್ಷಗಳಷ್ಟು ಸವೆಸಿದ ಒಬ್ಬ ಮಹಿಳೆಯ ಜೀವನವನ್ನು ಓದುಗರ ಮುಂದಿಡುವುದೇ ಲೇಸೆಂದು ನಾವು ಬಗೆದಿದ್ದೇವೆ. ಆಕೆಯ ಹೆಸರು ಲಿಜಿ ಡೀಗ್ನನ್. ಹುಟ್ಟುಮನೆಯ ಹೆಸರು ಆರ್ಮಿಟ್‌ಸ್ಟೆಡ್.

ಹಿಂದಿನವರು ತುಳಿದ ದಾರಿ

ಡೀಗ್ನನ್ ಹುಟ್ಟಿದ್ದು ೧೯೮೮ರ ಡಿಸೆಂಬರ್ ೧೮ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಓಟ್ಲಿ ಎಂಬ ಸಣ್ಣ ಪಟ್ಟಣದಲ್ಲಿ. ಆಕೆಯ ಕಥೆಗೆ ಮುನ್ನ ಅದೇ ನೆಲದ ಇನ್ನೊಬ್ಬ ಮಹಿಳೆಯನ್ನು ಸ್ಮರಿಸುವುದು ಉಚಿತ. ೧೯೩೭ರಲ್ಲಿ ಜನಿಸಿದ ಬೆರಿಲ್ ಬರ್ಟನ್ ಬಾಲ್ಯದಲ್ಲಿ ಸಂಧಿವಾತ ಜ್ವರಕ್ಕೆ ತುತ್ತಾಗಿ ಬಹುಕಾಲ ಆಸ್ಪತ್ರೆಯ ಮಂಚ ಹಿಡಿದವರು. ಗಂಡನಿಂದ ಸೈಕಲ್ ಕ್ರೀಡೆಯ ರುಚಿ ಹತ್ತಿಸಿಕೊಂಡು, ಹಗಲೆಲ್ಲ ತೋಟದಲ್ಲಿ ಕೂಲಿಕೆಲಸ ಮಾಡುತ್ತ, ಮಗಳನ್ನು ಸಾಕುತ್ತ, ೧೯೬೦ ಮತ್ತು ೧೯೬೭ರಲ್ಲಿ ರಸ್ತೆ ಸೈಕ್ಲಿಂಗಿನ ವಿಶ್ವ ಚಾಂಪಿಯನ್ ಆದರು. ೧೯೬೭ರಲ್ಲಿಯೇ ಹನ್ನೆರಡು ಗಂಟೆಗಳ ಸ್ಪರ್ಧೆಯೊಂದರಲ್ಲಿ ೨೭೭.೨೫ ಮೈಲಿ ಕ್ರಮಿಸಿ, ಅಂದು ಸ್ಪರ್ಧಿಸಿದ ಗಂಡಸರೆಲ್ಲರನ್ನೂ ಹಿಂದಿಕ್ಕಿದರು. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿಯನ್ನು ದಾಟಿ ಧಾರವಾಡ ಮುಟ್ಟುವಷ್ಟು ದೂರವದು. ೧೯೫೯ರಿಂದ ೧೯೮೩ರವರೆಗೆ ಸತತ ೨೫ ವರ್ಷ ತಮ್ಮ ದೇಶದ ಸರ್ವಶ್ರೇಷ್ಠ ಸೈಕಲ್ ಸವಾರಿಣಿಯೆಂಬ ಗೌರವ ಅವರದಾಯಿತು. ತಾಯಿ ಮಗಳು ಇಬ್ಬರೂ ಒಂದೇ ರಾಷ್ಟ್ರೀಯ ತಂಡದಲ್ಲಿ ಸ್ಪರ್ಧಿಸಿದ ಉದಾಹರಣೆಯೂ ಉಂಟು.

ಇಷ್ಟಾದರೂ ಬರ್ಟನ್ ಒಲಿಂಪಿಕ್ಸ್ ಕಾಣಲಿಲ್ಲ. ಮಹಿಳೆಯರಿಗೆ ರಸ್ತೆ ಸೈಕ್ಲಿಂಗಿನ ವಿಶ್ವ ಚಾಂಪಿಯನ್‌ಶಿಪ್ ದೊರೆತದ್ದೇ ೧೯೫೮ರಲ್ಲಿ. ಒಲಿಂಪಿಕ್ಸ್ ಬಾಗಿಲು ತೆರೆದದ್ದು ೧೯೮೪ರ ಲಾಸ್ ಏಂಜಲೀಸ್ ಕೂಟದಲ್ಲಿ. ಅಷ್ಟರಲ್ಲಿ ಬರ್ಟನ್‌ರ ವಯಸ್ಸು ನಲವತ್ತೇಳು. ಹಣವನ್ನಂತೂ ಅವರು ಈ ಕ್ರೀಡೆಯಿಂದ ಗಳಿಸಲೇ ಇಲ್ಲ. ೧೯೯೬ರಲ್ಲಿ ಸೈಕಲ್ ತುಳಿಯುತ್ತಿರುವಾಗಲೇ ಹೃದಯ ನಿಂತು ಅವರು ತೀರಿಕೊಂಡರು. ಅವರಿಗೆ ಸೈಕಲ್ಲು ವ್ರತವಾಗಿತ್ತೇ ಹೊರತು ವೃತ್ತಿಯಾಗಿರಲಿಲ್ಲ. ಅದು ವೃತ್ತಿಯಾಗಿ ಮಾರ್ಪಟ್ಟದ್ದು ಡೀಗ್ನನ್‌ರ ತಲೆಮಾರಿನಲ್ಲಿ.

ಶಾಲೆಯ ಮೈದಾನದಿಂದ ವಿಶ್ವ ಪಟ್ಟಕ್ಕೆ

೨೦೦೪ರಲ್ಲಿ ಬ್ರಿಟನ್ನಿನ ಸೈಕ್ಲಿಂಗ್ ಸಂಸ್ಥೆಯ ಪ್ರತಿಭಾನ್ವೇಷಣ ತಂಡವು ಓಟ್ಲಿಯ ಶಾಲೆಗೆ ಬಂದಿತು. ಹದಿನೈದು ವರ್ಷದ ಲಿಜಿ ಅದುವರೆಗೆ ಸೈಕಲ್ ಪಂದ್ಯದ ಗೊಡವೆಗೆ ಹೋದವಳಲ್ಲ. ಸಹಪಾಠಿ ಹುಡುಗನೊಬ್ಬ ನನ್ನನ್ನು ಸೋಲಿಸಲಾರೆ ಎಂದು ಕೆಣಕಿದ್ದಕ್ಕೆ ಪಂಥಕ್ಕಾಗಿ ಸೈಕಲ್ ಏರಿದಳು. ಅಳೆಯುವವರ ಕಣ್ಣಿಗೆ ಆಕೆಯ ಕಾಲಿನ ಕಸುವು ಬಿತ್ತು. ಈ ಸಂಗತಿಯನ್ನು ನಾವು ಒತ್ತಿ ಹೇಳಲು ಕಾರಣವಿದೆ. ಪ್ರತಿಭೆ ಎಲ್ಲಿಯೂ ಇರುತ್ತದೆ. ಅದನ್ನು ಹುಡುಕಿಕೊಂಡು ಶಾಲೆಯ ಬಾಗಿಲಿಗೆ ಬರುವ ವ್ಯವಸ್ಥೆ ಇರುವುದು ಮಾತ್ರ ಅಪರೂಪ.

ಮೊದಲು ಒಳಾಂಗಣದ ಓಡುದಾರಿಯಲ್ಲಿ ಪಳಗಿದ ಆಕೆ ೨೦೦೯ರಲ್ಲಿ ತಂಡ ಸ್ಪರ್ಧೆಯ ವಿಶ್ವ ಚಿನ್ನ ಪಡೆದು, ಅನಂತರ ರಸ್ತೆ ಸ್ಪರ್ಧೆಗೆ ಹೊರಳಿದರು. ೨೦೧೨ರ ಜುಲೈ ೨೯ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸುರಿವ ಮಳೆಯಲ್ಲಿ ನೆದರ್‌ಲೆಂಡ್ಸ್‌ನ ಮರಿಯಾನೆ ವೋಸ್‌ರ ಬೆನ್ನಿಗೇ ಗುರಿ ಮುಟ್ಟಿ ಬೆಳ್ಳಿ ಗೆದ್ದರು. ಆತಿಥೇಯ ದೇಶಕ್ಕೆ ಆ ಕೂಟದ ಪ್ರಥಮ ಪದಕ ಅದು. ಪದಕದ ಸಂಭ್ರಮದಲ್ಲಿಯೂ ಆಕೆ ಮಹಿಳಾ ಕ್ರೀಡೆಗೆ ವೇತನದಲ್ಲಿ, ಪ್ರಚಾರದಲ್ಲಿ ಆಗುತ್ತಿರುವ ಅನ್ಯಾಯವನ್ನು ಎತ್ತಿ ಆಡಿದರು. ಆ ಮಾತಿಗೆ ಹಿನ್ನೆಲೆಯಿತ್ತು. ೨೦೧೧ರಲ್ಲಿ ಆಕೆ ಇದ್ದ ವೃತ್ತಿತಂಡ ವರ್ಷಾಂತ್ಯಕ್ಕೆ ಮುಚ್ಚಿಹೋಗಿತ್ತು; ೨೦೧೨ರಲ್ಲಿ ಸೇರಿದ ತಂಡವೂ ಅದೇ ವರ್ಷದ ಕೊನೆಗೆ ಮುಚ್ಚಿತು. ಒಲಿಂಪಿಕ್ ಪದಕ ಕೊರಳಲ್ಲಿದ್ದರೂ ಬರುವ ವರ್ಷದ ಸಂಬಳ ಎಲ್ಲಿಂದ ಎಂದು ಚಿಂತಿಸಬೇಕಾದ ಸ್ಥಿತಿ!

೨೦೧೪ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳ ಚಿನ್ನ, ೨೦೧೫ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ಒಲಿದವು. ಒಟ್ಟು ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಅವರು ಸ್ಪರ್ಧಿಸಿದರು.

ಈ ಜೀವನದಲ್ಲಿ ಕಳಂಕದ ಮಾತೂ ಒಮ್ಮೆ ಬಂದಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಉದ್ದೀಪನ ಮದ್ದಿನ ತಪಾಸಣೆಗಾಗಿ ಉನ್ನತ ಮಟ್ಟದ ಕ್ರೀಡಾಪಟುಗಳು ಪ್ರತಿದಿನವೂ ಒಂದು ಗಂಟೆಯ ಕಾಲ ತಾವು ಎಲ್ಲಿ ಸಿಗುವೆವೆಂದು ಮುಂಚಿತವಾಗಿ ತಿಳಿಸಿರಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ನಿಷೇಧ. ಡೀಗ್ನನ್‌ರ ಮೇಲೆ ಅಂಥ ಮೂರು ತಪ್ಪುಗಳು ದಾಖಲಾಗಿ, ೨೦೧೬ರ ರಿಯೋ ಒಲಿಂಪಿಕ್ಸ್‌ಗೆ ಮುನ್ನ ಪ್ರಕರಣ ಕ್ರೀಡಾ ನ್ಯಾಯಮಂಡಳಿಯ ಮುಂದೆ ಹೋಯಿತು. ಅವುಗಳಲ್ಲಿ ಮೊದಲನೆಯದನ್ನು ಮಂಡಳಿ ಅಸಿಂಧುಗೊಳಿಸಿದ್ದರಿಂದ ಸ್ಪರ್ಧಿಸುವ ಅವಕಾಶ ಉಳಿಯಿತು. ಟೀಕೆ ಮಾತ್ರ ಬಹುಕಾಲ ಬೆನ್ನು ಬಿಡಲಿಲ್ಲ. ಈ ವೃತ್ತಿಯಲ್ಲಿ ಕಾಲಿನ ಬಲದಷ್ಟೇ ದಿನಚರಿಯ ಶಿಸ್ತೂ ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ತಟ್ಟೆಯ ಪ್ರಶ್ನೆ

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಡೀಗ್ನನ್ ಹತ್ತು ವರ್ಷದ ಬಾಲಕಿಯಾಗಿದ್ದಾಗಲೇ ಮಾಂಸವನ್ನು ತ್ಯಜಿಸಿದವರು. ಮನೆಯ ಸಂಪ್ರದಾಯದಿಂದಲ್ಲ, ಸ್ವಂತ ಮನಸ್ಸಿನಿಂದ. ವಿಶ್ವಪಟ್ಟವೂ ಒಲಿಂಪಿಕ್ ಪದಕವೂ ಬಂದದ್ದು ಆ ಸಸ್ಯಾಹಾರದ ದೇಹಕ್ಕೇ. ಆದುದರಿಂದ ನಮ್ಮ ಮನೆಯ ತಟ್ಟೆ ಈ ಕ್ರೀಡೆಗೆ ಸಾಲದೆಂಬ ಕೀಳರಿಮೆ ಬೇಡ.

ಹಾಗೆಂದು ಸಸ್ಯಾಹಾರವೆಂಬ ಒಂದೇ ಮಾತಿನಿಂದ ಎಲ್ಲವೂ ಆಯಿತೆಂದು ತಿಳಿಯಬಾರದು. ದಿನಕ್ಕೆ ನೂರು ಕಿಲೋಮೀಟರ್ ತುಳಿಯುವ ಹುಡುಗಿಗೆ ಎರಡು ತುತ್ತು ಅನ್ನ, ತಿಳಿಸಾರು ಸಾಲದು. ಜೋಳದ ರೊಟ್ಟಿ, ಮಡಕೆ ಹೆಸರಿನ ಪಲ್ಯ, ಬೇಳೆ, ಶೇಂಗಾ, ಹಾಲು ಮೊಸರು, ಬೆಲ್ಲ, ಬಾಳೆಹಣ್ಣು, ಸೊಪ್ಪು — ಉತ್ತರ ಕರ್ನಾಟಕದ ಅಡಿಗೆಮನೆಯಲ್ಲಿ ಇದ್ದೇ ಇರುವ ಇವು ಹಸಿವಿಗೆ ತಕ್ಕಷ್ಟು ಪ್ರಮಾಣದಲ್ಲಿ ದೊರೆಯಬೇಕು. ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಅಂಶ ಕುಗ್ಗುವುದು ಸಾಮಾನ್ಯವಾದುದರಿಂದ ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯಬೇಕು. ಗಂಡುಮಕ್ಕಳಿಗೆ ಮೊದಲು ಬಡಿಸಿ, ಉಳಿದದ್ದನ್ನು ಹೆಣ್ಣುಮಕ್ಕಳು ಉಣ್ಣುವ ಪದ್ಧತಿ ಇನ್ನೂ ಉಳಿದಿರುವ ಮನೆಗಳಲ್ಲಿ ಕೊರತೆ ಇರುವುದು ಆಹಾರದ ಜಾತಿಯಲ್ಲಲ್ಲ, ಬಡಿಸುವ ಕೈಯಲ್ಲಿ.

ಅನ್ನದ ಪ್ರಶ್ನೆ

ರಸ್ತೆ ಸೈಕ್ಲಿಂಗನ್ನು ದೂರದಿಂದ ನೋಡುವವರಿಗೆ ಅದು ಒಬ್ಬೊಬ್ಬರ ಓಟವೆಂದು ತೋರುತ್ತದೆ. ವಾಸ್ತವದಲ್ಲಿ ಅದು ತಂಡದ ಆಟ. ಮುಂದೆ ಸಾಗುವವನು ಗಾಳಿಯನ್ನು ಸೀಳುತ್ತಾನೆ. ಅವನ ಮರೆಯಲ್ಲಿ ಸಾಗುವವನಿಗೆ ಶ್ರಮ ಸಾಕಷ್ಟು ತಗ್ಗುತ್ತದೆ. ಆದುದರಿಂದ ತಂಡದ ಕೆಲವರು ಗಂಟೆಗಟ್ಟಲೆ ಗಾಳಿಗೆ ಎದೆಯೊಡ್ಡಿ, ನೀರಿನ ಬಾಟಲಿ ತಂದುಕೊಟ್ಟು, ತಮ್ಮ ನಾಯಕಿಯನ್ನು ಕೊನೆಯ ಕಿಲೋಮೀಟರುಗಳವರೆಗೆ ಕಾಪಾಡಿ ತಾವು ಹಿಂದುಳಿಯುತ್ತಾರೆ. ಪತ್ರಿಕೆಗಳಲ್ಲಿ ಅವರ ಹೆಸರು ಬರುವುದಿಲ್ಲ. ಸಂಬಳ ಮಾತ್ರ ಬರುತ್ತದೆ. ಗೆಲ್ಲುವವರಿಗಿಂತ ಇಂಥ ದುಡಿಮೆಗಾರರೇ ಈ ವೃತ್ತಿಯಲ್ಲಿ ಹೆಚ್ಚು. ಕಾಯಕವೆಂಬ ಮಾತಿನ ಅರ್ಥ ಬಲ್ಲ ನಮ್ಮ ಓದುಗರಿಗೆ ಇದರ ಘನತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸಂಬಳವೆಷ್ಟು? ೨೦೧೬ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮಹಿಳೆಯರ ವಿಶ್ವಪ್ರವಾಸ ಸರಣಿಯನ್ನು ಆರಂಭಿಸಿದಾಗಲೂ ಕನಿಷ್ಠ ವೇತನವೆಂಬುದು ಇರಲಿಲ್ಲ. ೨೦೨೦ರಲ್ಲಿ ಉನ್ನತ ಶ್ರೇಣಿಯ ತಂಡಗಳಿಗೆ ವರ್ಷಕ್ಕೆ ೧೫,೦೦೦ ಯೂರೋ ಎಂದು ಗೊತ್ತುಪಡಿಸಲಾಯಿತು. ಅದು ೨೦೨೧ರಲ್ಲಿ ೨೦,೦೦೦, ೨೦೨೨ರಲ್ಲಿ ೨೭,೫೦೦, ೨೦೨೩ರಲ್ಲಿ ೩೨,೧೦೨ ಯೂರೋ ಆಗಿ, ಪುರುಷರ ಎರಡನೆಯ ಶ್ರೇಣಿಯ ತಂಡಗಳ ಕನಿಷ್ಠ ವೇತನಕ್ಕೆ ಸರಿಸಮವಾಯಿತು. ೨೦೨೩ರ ವಿನಿಮಯ ದರದಲ್ಲಿ ಅದು ವರ್ಷಕ್ಕೆ ಇಪ್ಪತ್ತೆಂಟು ಲಕ್ಷ ರೂಪಾಯಿಗಳ ಆಸುಪಾಸಾಗಿತ್ತು. ಯೂರೋಪಿನ ಜೀವನವೆಚ್ಚಕ್ಕೆ ಅದು ಶ್ರೀಮಂತಿಕೆಯಲ್ಲ, ಮರ್ಯಾದೆಯ ಬದುಕು. ಕೆಳಗಿನ ಶ್ರೇಣಿಯ ತಂಡಗಳಲ್ಲಿ ಅಷ್ಟು ಭದ್ರತೆಯಿಲ್ಲ ಎಂಬುದನ್ನೂ ಮರೆಯಬಾರದು.

ನಮ್ಮ ದೇಶದಲ್ಲಿ ದಾರಿ ಇನ್ನೂ ಕಿರಿದು. ೨೦೨೪ರ ಪ್ಯಾರಿಸ್ ಕೂಟದವರೆಗೆ ಭಾರತದ ಯಾವ ಮಹಿಳೆಯೂ ಒಲಿಂಪಿಕ್ಸ್‌ನ ರಸ್ತೆ ಸೈಕ್ಲಿಂಗಿನಲ್ಲಿ ಸ್ಪರ್ಧಿಸಿಲ್ಲ. ಪುರುಷರಲ್ಲಿ ಬೆಂಗಳೂರಿನ ನವೀನ್ ಜಾನ್ ೨೦೧೭ರಲ್ಲಿ ವಿದೇಶದ ವೃತ್ತಿತಂಡವೊಂದನ್ನು ಸೇರಿ ಹೊಸ ಹಾದಿ ತೋರಿದರು. ಮಿಕ್ಕಂತೆ ಇಲ್ಲಿಯ ಸವಾರರಿಗೆ ಅನ್ನ ಕೊಡುವುದು ರೈಲ್ವೆ ಮೊದಲಾದ ಇಲಾಖೆಗಳ ಕ್ರೀಡಾ ನೇಮಕಾತಿ. ಆದುದರಿಂದ ವಿದ್ಯೆಯನ್ನು ಬಿಟ್ಟು ಸೈಕಲ್ಲನ್ನು ಹಿಡಿಯಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಎರಡನ್ನೂ ಹಿಡಿಯಬಹುದೆಂಬುದಕ್ಕೆ ಆಸ್ಟ್ರಿಯದ ಅನ್ನಾ ಕೀಸೆನ್‌ಹೋಫರ್ ನಿದರ್ಶನ. ಗಣಿತದಲ್ಲಿ ಡಾಕ್ಟರೇಟ್ ಪಡೆದ ಆಕೆ ಆ ವೇಳೆಗೆ ಯಾವ ವೃತ್ತಿತಂಡದಲ್ಲಿಯೂ ಇರದೆ, ತನ್ನ ಅಭ್ಯಾಸವನ್ನು ತಾನೇ ಲೆಕ್ಕಹಾಕಿಕೊಂಡು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ೨೦೨೧ರಲ್ಲಿ ರಸ್ತೆ ಸ್ಪರ್ಧೆಯ ಚಿನ್ನ ಗೆದ್ದರು.

ತೊಟ್ಟಿಲು ಮತ್ತು ಗಾಲಿ

ಮೂರನೆಯ ಪ್ರಶ್ನೆಯೇ ನಮ್ಮ ಮನೆಗಳಲ್ಲಿ ಅತಿ ಭಾರವಾದದ್ದು. ೨೦೧೬ರಲ್ಲಿ ಲಿಜಿ ಐರ್ಲೆಂಡಿನ ವೃತ್ತಿ ಸೈಕ್ಲಿಸ್ಟ್ ಫಿಲಿಪ್ ಡೀಗ್ನನ್‌ರನ್ನು ವರಿಸಿದರು. ೨೦೧೮ರಲ್ಲಿ ಗರ್ಭಿಣಿಯಾದಾಗ, ಅಂದಿನ ನಿಯಮಗಳಲ್ಲಿ ಹೆರಿಗೆ ರಜೆಯೆಂಬ ಮಾತೇ ಇರಲಿಲ್ಲ. ಆ ಸ್ಥಿತಿಯಲ್ಲಿ ಹೊಸದಾಗಿ ರಚನೆಯಾಗುತ್ತಿದ್ದ ಟ್ರೆಕ್–ಸೆಗಾಫ್ರೆಡೋ ತಂಡವು ಗರ್ಭಿಣಿಯಾದ ಆಕೆಯೊಡನೆಯೇ ಒಪ್ಪಂದ ಮಾಡಿಕೊಂಡಿತು. ಸೆಪ್ಟೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಅದೇ ವರ್ಷ ಫಿಲಿಪ್ ತಮ್ಮ ಸವಾರಿಗೆ ವಿದಾಯ ಹೇಳಿ ಮಗುವಿನ ಪಾಲನೆಯನ್ನೂ ಮನೆಯನ್ನೂ ವಹಿಸಿಕೊಂಡರು. ಮರುವರ್ಷದ ಏಪ್ರಿಲಿನಲ್ಲಿ ತಾಯಿ ಮತ್ತೆ ರಸ್ತೆಗಿಳಿದು, ಜೂನಿನಲ್ಲಿ ಬ್ರಿಟನ್ನಿನ ಮಹಿಳಾ ಪ್ರವಾಸ ಸ್ಪರ್ಧೆಯನ್ನು ಗೆದ್ದರು. ೨೦೨೦ರಲ್ಲಿ ಲೀಜ್–ಬಾಸ್ತೋನ್–ಲೀಜ್ ಸ್ಪರ್ಧೆಯನ್ನೂ ವಿಶ್ವಪ್ರವಾಸ ಸರಣಿಯ ಅಗ್ರಸ್ಥಾನವನ್ನೂ ಪಡೆದರು. ತಾಯ್ತನದಿಂದ ಕಸುವು ಕುಂದುವುದೆಂಬ ನಂಬಿಕೆ ಇಲ್ಲಿ ಹುಸಿಯಾಯಿತು. ಆದರೆ ಅದಕ್ಕೆ ಮನೆಯಲ್ಲಿ ಒಬ್ಬ ಫಿಲಿಪ್ ಬೇಕಾದರು ಎಂಬುದನ್ನು ಗಂಡುಮಕ್ಕಳ ತಾಯಂದಿರು ಗಮನಿಸಬೇಕು. ೨೦೨೦ರಿಂದ ಒಕ್ಕೂಟವು ಹೆರಿಗೆ ರಜೆಯನ್ನು ನಿಯಮವಾಗಿಸಿತು: ಮೂರು ತಿಂಗಳು ಪೂರ್ಣ ವೇತನ, ಅನಂತರ ಐದು ತಿಂಗಳು ಅರ್ಧ ವೇತನ.

ಈ ಜೀವನದ ಶಿಖರ ೨೦೨೧ರ ಅಕ್ಟೋಬರ್ ೨. ಉತ್ತರ ಫ್ರಾನ್ಸಿನ ಹೊಲಗದ್ದೆಗಳ ನಡುವಣ ಕಲ್ಲುಹಾಸಿನ ಹಳೆಯ ದಾರಿಗಳಲ್ಲಿ ೧೮೯೬ರಿಂದ ಪುರುಷರಿಗಾಗಿ ನಡೆಯುತ್ತಿದ್ದ ಪ್ಯಾರಿಸ್–ರೂಬೇ ಸ್ಪರ್ಧೆ ಅಂದು ಪ್ರಥಮ ಬಾರಿಗೆ ಮಹಿಳೆಯರಿಗೆ ತೆರೆಯಿತು. ಡೀಗ್ನನ್ ಅಂದು ತಂಡದ ಮುಖ್ಯ ನಾಯಕಿಯಲ್ಲ. ಇತರರಿಗೆ ದಾರಿ ಮಾಡಿಕೊಡಲೆಂದು ಮೊದಲ ಕಲ್ಲುದಾರಿಗೆ ಮುಂದಾಗಿ ನುಗ್ಗಿದವರು. ತಿರುಗಿ ನೋಡುವಾಗ ಹಿಂದೆ ಯಾರೂ ಇರಲಿಲ್ಲ. ಗುರಿ ಇನ್ನೂ ೮೨ ಕಿಲೋಮೀಟರ್ ದೂರವಿತ್ತು. ಕೆಸರು, ಜಾರುಕಲ್ಲು, ಕೈಗವಸಿಲ್ಲದ ಅಂಗೈ. ಹಿಡಿಕೆಯ ಪಟ್ಟಿಗೆ ರಕ್ತ ಮೆತ್ತಿಕೊಂಡಿತ್ತು. ಒಬ್ಬಂಟಿಯಾಗಿಯೇ ಗುರಿ ಮುಟ್ಟಿದಾಗ ಎರಡನೆಯವರಾದ ವೋಸ್ ಒಂದು ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ವಿಜೇತೆಗೆ ದೊರೆತ ಬಹುಮಾನ ೧,೫೩೫ ಯೂರೋ. ಪುರುಷ ವಿಜೇತನಿಗೆ ೩೦,೦೦೦. ಆ ಅಂತರವನ್ನು ತಂಡವೇ ತನ್ನ ಕೈಯಿಂದ ತುಂಬಿಕೊಟ್ಟಿತು.

೨೦೨೨ರಲ್ಲಿ ಎರಡನೆಯ ಮಗು. ಮತ್ತೆ ಮರಳಿ ಸವಾರಿ. ೨೦೨೫ರಲ್ಲಿ ಮೂರನೆಯ ಮಗುವಿನ ನಿರೀಕ್ಷೆಯಲ್ಲಿ ಆಕೆ ವೃತ್ತಿಗೆ ವಿದಾಯ ಹೇಳಿದರು. ಯಾರೂ ಆಕೆಯನ್ನು ಸಂಸಾರ ಅಥವಾ ಸೈಕಲ್ಲು ಎಂಬ ಕವಲಿನಲ್ಲಿ ನಿಲ್ಲಿಸಿ ಕೊರಗಿಸಲಿಲ್ಲ.

ಅಪಾಯದ ಪ್ರಶ್ನೆ

ನಾಲ್ಕನೆಯ ಪ್ರಶ್ನೆಗೆ ಸಿಹಿಯಾದ ಉತ್ತರವಿಲ್ಲ. ಈ ಕ್ರೀಡೆ ಅಪಾಯಕರ. ೨೦೨೪ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹದಿನೆಂಟು ವರ್ಷದ ಸ್ವಿಸ್ ಸವಾರಿಣಿ ಮುರಿಯೆಲ್ ಫುರರ್ ಕಾಡಿನ ಇಳಿಜಾರಿನಲ್ಲಿ ಬಿದ್ದು ಮರುದಿನ ಅಸುನೀಗಿದಳು. ಆಕೆ ಬಿದ್ದದ್ದು ಕೂಡಲೇ ಯಾರ ಗಮನಕ್ಕೂ ಬರಲಿಲ್ಲ. ಅಷ್ಟು ಸುಸಜ್ಜಿತವಾದ, ವಾಹನಗಳಿಗೆ ಮುಚ್ಚಿದ ದಾರಿಯಲ್ಲಿಯೇ ಹೀಗಾದರೆ, ಲಾರಿ ಬಸ್ಸುಗಳ ನಡುವೆ ಅಭ್ಯಾಸ ಮಾಡಬೇಕಾದ ನಮ್ಮ ಮಕ್ಕಳ ಪಾಡೇನು? ಹೆಬ್ಬಾಳದ ಮೇಲುಸೇತುವೆಯ ಇಕ್ಕೆಲಗಳಲ್ಲಿ ವಾಹನಗಳು ನಾಲ್ಕು ಕಡೆಯಿಂದ ಬಂದು ಸೇರುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಅಪಾಯಕ್ಕೆ ಉತ್ತರ ಮಗಳನ್ನು ಒಳಗೆ ಕೂಡಿಹಾಕುವುದಲ್ಲ, ಅಪಾಯವನ್ನು ತಗ್ಗಿಸುವುದು. ಶಿರಸ್ತ್ರಾಣವಿಲ್ಲದೆ ಹೊಸಿಲು ದಾಟಬಾರದು. ಸೈಕಲ್ಲಿಗೆ ಹಿಂದೆ ಮುಂದೆ ದೀಪವಿರಬೇಕು. ಒಬ್ಬಂಟಿಯಾಗಿ ಹೊರಡದೆ ಗುಂಪಿನಲ್ಲಿ, ತರಬೇತುದಾರರ ವಾಹನದ ಬೆಂಗಾವಲಿನಲ್ಲಿ ಹೋಗಬೇಕು. ಹೋಗುವ ದಾರಿ, ಮರಳುವ ವೇಳೆ ಮನೆಯವರಿಗೆ ತಿಳಿದಿರಬೇಕು. ತಂದೆಯೋ ಅಣ್ಣನೋ ವಾರಕ್ಕೊಮ್ಮೆ ದ್ವಿಚಕ್ರ ವಾಹನದಲ್ಲಿ ಹಿಂದೆ ಹೋದರೆ ಮಗಳಿಗೆ ರಕ್ಷಣೆಯೂ ಆಯಿತು, ಆಕೆಯ ಶ್ರಮವೆಷ್ಟೆಂಬ ಅರಿವು ಮನೆಗೂ ಆಯಿತು.

ನಮ್ಮ ನೆಲದ ಹೆಣ್ಣುಮಕ್ಕಳು

ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದೊಡನೆ ಬೆಂಗಳೂರಿಗಿಂತ ಮೊದಲು ನೆನಪಾಗಬೇಕಾದವು ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿನಿಲಯಗಳು ಹಾಗೂ ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆ. ಬಯಲುಸೀಮೆಯ ಬಿಸಿಲು, ಗಾಳಿ, ಉದ್ದನೆಯ ನೇರ ರಸ್ತೆಗಳು ಅಲ್ಲಿಯ ಗುರುಗಳು. ಒಕ್ಕಲುತನದ ಮನೆಗಳಿಂದ ಬಂದ ಹೆಣ್ಣುಮಕ್ಕಳು ಅಲ್ಲಿ ಪಳಗಿ ರಾಷ್ಟ್ರೀಯ ಪದಕಗಳನ್ನು ತಂದಿದ್ದಾರೆ. ೨೦೦೬–೦೭ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ಊರ ಮುಂದಿನ ದಾರಿಯಲ್ಲಿ ಸಾಲಾಗಿ ಸೈಕಲ್ ತುಳಿಯುವುದು ಸಹಜ ದೃಶ್ಯವಾಯಿತು. ಅಂದಿನವರೆಗೆ ಹುಬ್ಬೇರಿಸುತ್ತಿದ್ದ ಹಿರಿಯರೂ ಸುಮ್ಮನಾದರು.

ಆದರೆ ಎಷ್ಟೋ ಸವಾರಿಣಿಯರ ಓಟ ಹದಿನೆಂಟು ಇಪ್ಪತ್ತರ ವಯಸ್ಸಿಗೆ ನಿಂತುಬಿಡುತ್ತದೆ. ವಸತಿನಿಲಯದ ಅವಧಿ ಮುಗಿಯುತ್ತದೆ. ಲಕ್ಷಾಂತರ ರೂಪಾಯಿ ಬೆಲೆಯ ಸ್ಪರ್ಧಾ ಸೈಕಲ್ ಕೈಗೆಟುಕುವುದಿಲ್ಲ. ನೌಕರಿ ದೊರೆಯುವ ಮುನ್ನ ಮದುವೆಯ ಮಾತು ಬರುತ್ತದೆ. ಡೀಗ್ನನ್ ವಿಶ್ವ ಚಾಂಪಿಯನ್ ಆದದ್ದು ಇಪ್ಪತ್ತಾರರಲ್ಲಿ, ರೂಬೇಯಲ್ಲಿ ಗೆದ್ದದ್ದು ಮೂವತ್ತೆರಡರಲ್ಲಿ ಎಂಬುದನ್ನು ನೆನೆದರೆ, ನಮ್ಮ ಮಕ್ಕಳ ಓಟ ನಿಲ್ಲುವುದು ಅದು ನಿಜಕ್ಕೂ ಆರಂಭವಾಗಬೇಕಾದ ವಯಸ್ಸಿಗೇ ಎಂದು ಗೊತ್ತಾಗುತ್ತದೆ.

ಇಲ್ಲಿ ಸಮಾಜ ಮಾಡಬಹುದಾದ ಕೆಲಸವೊಂದುಂಟು. ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿ ಕೊಟ್ಟು ಓದಿಸಿದ ಉಚಿತ ಪ್ರಸಾದನಿಲಯಗಳ ಪರಂಪರೆ ನಮ್ಮದು. ಅಂಥ ನಿಲಯದ ಅನ್ನವುಂಡು ಬೆಳೆದವರಲ್ಲಿ ನಾವೂ ಒಬ್ಬರು. ಪುಸ್ತಕ ಹಿಡಿದ ಹುಡುಗನಿಗೆ ದೊರೆತ ಆ ಆಸರೆ ಸೈಕಲ್ಲು ಹಿಡಿದ ಹುಡುಗಿಗೂ ದೊರೆಯಲಿ. ಬೆಂಗಳೂರಿನಲ್ಲಿ ನೆಲೆಯೂರಿದ ಅನುಕೂಲಸ್ಥ ಕುಟುಂಬಗಳು ನಾಲ್ಕಾರು ಸೇರಿ, ವಸತಿನಿಲಯದಿಂದ ಹೊರಬಿದ್ದ ಒಬ್ಬ ಸವಾರಿಣಿಗೆ ಮೂರು ವರ್ಷಗಳ ಊಟ, ಕಾಲೇಜಿನ ಶುಲ್ಕ, ಒಂದು ಒಳ್ಳೆಯ ಸೈಕಲ್ಲು ಇಷ್ಟನ್ನು ವಹಿಸಿಕೊಂಡರೆ ಅದು ಯಾವ ದಾನಕ್ಕೂ ಕಡಿಮೆಯಲ್ಲ. ಆಕೆ ಒಲಿಂಪಿಕ್ಸ್ ಮುಟ್ಟದಿರಬಹುದು. ರೈಲ್ವೆಯ ಒಂದು ನೌಕರಿ, ಒಂದು ಪದವಿ, ಯಾರ ಹಂಗೂ ಇಲ್ಲದ ಬದುಕು ಆಕೆಯದಾಗುತ್ತದೆ. ಅದೇ ಸಾಕಷ್ಟು ದೊಡ್ಡ ಗೆಲುವು. ಮದುವೆಯ ಖರ್ಚಿಗೆಂದು ಮಗಳು ಹುಟ್ಟಿದಂದಿನಿಂದ ಹಣ ಕೂಡಿಡುವ ತಂದೆತಾಯಿಗಳು, ಅದರಲ್ಲಿ ಒಂದು ಪಾಲನ್ನು ಆಕೆಯ ಕಾಲುಗಳ ಮೇಲೆ ವಿಶ್ವಾಸವಿಟ್ಟು ಇಂದೇ ತೆಗೆದುಕೊಡಲಿ.